ಕಲಾಯಿ ಗಂಟೆ

ಬಹಳ ಬಹಳ ಹಿಂದೆ, ಮೋಡಗಳು ಮನೆ ಮಾಡಿನ ಮೇಲೆ ಕೂತು ಸುಧಾರಿಸ್ಕೊಂಡು ಹೋಗ್ತಿದ್ದ ಕಾಲದಲ್ಲಿ, ನಾದಾವತಿ ಅಂತ ಒಂದು ರಾಜ್ಯ ಇತ್ತು. ಅಲ್ಲೊಂದು ಗಂಟೆ ಇತ್ತು, ಆನೆಯಷ್ಟು ದೊಡ್ಡದು! ದಿನಾ ಮುಸ್ಸಂಜೆ ಅದನ್ನ ಬಾರಿಸ್ಲೇಬೇಕಿತ್ತು. ಯಾಕಂದ್ರೆ ಬೆಟ್ಟದಾಚೆ ಮೂಕರಾಯ ಅನ್ನೋ ಮಾಂತ್ರಿಕ ಇದ್ದ. ಅವನಿಗೆ ಸದ್ದು ಅಂದ್ರೆ ಆಗ್ತಿರ್ಲಿಲ್ಲ. ಸಂಜೆ ಆದ್ರೆ ಸಾಕು, ಬೂದಿ ಬಣ್ಣದ ಮಂಜು ಬಿಡ್ತಿದ್ದ. ಆ ಮಂಜು ತಾಗಿದೋರು ಪಾದದಿಂದ ಶುರುವಾಗಿ ಮೇಲಕ್ಕೆ ಮೇಲಕ್ಕೆ ಕಲ್ಲಾಗ್ತಾ ಹೋಗ್ತಿದ್ರು. ಗಂಟೆ ಸದ್ದು ಕೇಳಿದ್ರೆ ಮಾತ್ರ ಮಂಜು ಹೆದರಿ ಓಡೋದು.

ಗಂಟೆ ಮಾಡ್ತಿದ್ದೋರು ಗಂಟೆಬೀದಿಯ ಎರಕದೋರು. ಅವರಲ್ಲಿ ಹಿರಿಯ ಸೋಮಾಚಾರಿ, ಅವನ ಒಬ್ಬಳೇ ಮಗಳು ನೀಲಾಜಿ. ನಾಕು ಪಾಲು ತಾಮ್ರ, ಒಂದು ಪಾಲು ತವರ, ಎರಡೂ ಕರಗಿ ಕೂಡಿದ್ರೆ ಕಂಚು. ಹೊಯ್ಯೋವಾಗ ಹಿರಿಯ ಆ ಲೆಕ್ಕಾನ ಗಟ್ಟಿಯಾಗಿ ಕೂಗ್ಲೇಬೇಕು, ಕೂಗದಿದ್ರೆ ಗಂಟೆಗೆ ದನಿ ಬರಲ್ಲ. ಅದು ಅವರ ಪದ್ಧತಿ.

ಮೂಕರಾಯ ಏನ್ ಮಾಡ್ದ ಗೊತ್ತಾ? ಒಂದು ಉಡ ಸಾಕ್ದ. ಅದರ ನಾಲಿಗೆ ಹದಿನಾರು ಮಾರು ಉದ್ದ! ಆ ಉಡ ಬಂತು, ತವರದ ಗುಡ್ಡಾನೇ ನೆಕ್ಕಿ ಮುಗಿಸ್ತು, ಅಂಗಡೀಲಿದ್ದ ತವರ ನೆಕ್ತು, ಕೊನೇಗೆ ದೊಡ್ಡ ಗಂಟೆಗೇ ಸುತ್ಕೊಂಡು ಅದರೊಳಗಿನ ತವರಾನೂ ಹೀರ್ಕೊಂಡ್ಬಿಡ್ತು! ಉಳಿದಿದ್ದು ಬರೀ ಕೆಂಪು ತಾಮ್ರ. ಬಾರಿಸಿದ್ರೆ ಠಪ್ ಅಂತು. ಆವತ್ತೇ ಸಂಜೆ ಮಂಜು ಇಳೀತು, ಮಗಳನ್ನ ಒಳಗೆ ತಳ್ಳಿ ಬಾಗಿಲಲ್ಲಿ ನಿಂತ ಸೋಮಾಚಾರಿಯ ಪಾದ ಕಲ್ಲಾಯ್ತು.

"ಅಪ್ಪಾ, ನೋವಾಗ್ತಿದ್ಯಾ?" ಅಂದ್ಳು ನೀಲಾಜಿ.

"ನೋವಿಲ್ಲ ಕೂಸೇ, ಅದೇ ಭಯ," ಅಂದ ಅಪ್ಪ.

ತವರ ಇಲ್ಲ ಅಂದ್ಮೇಲೆ ಅದರ ಬದಲಿಗೆ ಏನಾದ್ರೂ ಬೇಕಲ್ಲ! ಮೊದಲು ಸೀಸ ತಂದ್ಳು. ಸೋಮಾಚಾರಿ "ನಾಕು ತಾಮ್ರ, ಒಂದು ಸೀಸ" ಅಂತ ಕೂಗ್ದ, ಹೊಯ್ದ್ರು, ಬಾರಿಸಿದ್ರು. ಹಸಿ ಗೋಡೆಗೆ ಗುದ್ದಿದ ಹಾಗೆ ಧಬ್! ಮಂಜು ನಿಲ್ಲಲೇ ಇಲ್ಲ. ನೇಕಾರರ ಬೀದಿ ಪೂರ್ತಿ ಕಲ್ಲಾಯ್ತು, ಮಗ್ಗದ ಮೇಲೆ ಕೈ ಇಟ್ಟೋರು ಇಟ್ಟ ಹಾಗೇ. ಅಪ್ಪನ ಮಂಡಿ ತನಕ ಕಲ್ಲು.

ಎರಡನೇ ಸಲ ಸತು ತಂದ್ಳು. "ನಾಕು ತಾಮ್ರ, ಒಂದು ಸತು" ಅಂತ ಕೂಗ್ದ. ಗಂಟೆ ಹಳದಿಯಾಗಿ ಎಷ್ಟು ಚೆಂದ ಇತ್ತು ಅಂತೀರಾ, ಎಲ್ರೂ ಚಪ್ಪಾಳೆ ತಟ್ಟಿದ್ರು! ಬಾರಿಸಿದ್ರೆ ಕಿಣಿಕಿಣಿ ಅಂತು. ಮಂಜು ಒಂದು ಹೆಜ್ಜೆ ಹಿಂದಕ್ಕೆ ಹೋಯ್ತು... ಆಮೇಲೆ ನಕ್ಕೊಂಡು ಬಂದ ಹಾಗೆ ವಾಪಸ್ ಬಂತು. ಅರಮನೆಯಲ್ಲಿ ರಾಜ, ಮಂತ್ರಿ, ತೊಟ್ಟಿಲಲ್ಲಿದ್ದ ಕೂಸು, ಎಲ್ಲಾ ಕಲ್ಲು. ಅಪ್ಪನ ಎದೆ ತನಕ ಕಲ್ಲು.

ನೀಲಾಜಿ ಸುತ್ತಿಗೆ ಬಿಸಾಕಿ ಅಲ್ಲೇ ಕುಸಿದ್ಳು.

"ನಂಗೇನೂ ತೋಚ್ತಿಲ್ಲ ಅಪ್ಪಾ. ಇನ್ನೇನೂ ಇಲ್ಲ."

"ಹೋಗ್ಲಿ ಬಿಡೇ. ಒಂದೇ ಒಂದು ಮಾತು. ನಾನು ಪೂರ್ತಿ ಕಲ್ಲಾದ್ಮೇಲೆ ಅಂಗಳದಲ್ಲಿ ನಿಲ್ಲಿಸ್ಬೇಡ. ಕಾಗೆಗಳು ಮರ್ಯಾದೆ ಕೊಡಲ್ಲ."

ಅವಳು ನಗ್ಲಿಲ್ಲ. ಒಬ್ಬರೂ ನಗ್ಲಿಲ್ಲ, ನಗೋಕೆ ಬೀದೀಲಿ ಯಾರಿದ್ರು?

ಮಾರನೇ ದಿನ ಬೆಳಿಗ್ಗೆ ಅಪ್ಪನಿಗೆ ಗಂಜಿ ಕಾಯಿಸೋಣ ಅಂದ್ರೆ ಮನೇಲಿ ಬೆಂಕಿ ಇಲ್ಲ, ಕೆಂಡ ಕೇಳೋಣ ಅಂದ್ರೆ ಬೀದೀಲಿ ಒಲೆ ಹಚ್ಚೋ ಕೈಗಳೆಲ್ಲ ಕಲ್ಲು. ಎಲ್ಲೋ ದೂರ ಹೊಗೆ ಕಾಣ್ತು, ಪಾತ್ರೆಬೀದೀಲಿ. ಆ ಬೀದಿಗೂ ಗಂಟೆಬೀದಿಗೂ ಏಳು ತಲೆಮಾರಿಂದ ಮಾತಿಲ್ಲ! ನಿಮ್ಮ ಗಂಟೆ ಸದ್ದಿಗೆ ಹಾಲು ಒಡೆಯುತ್ತೆ ಅಂತ ಅವರು, ನಿಮ್ಮ ಪಾತ್ರೆ ಉಜ್ಜೋ ಸದ್ದಿಗೆ ಹಲ್ಲು ಜುಮ್ಮನ್ನುತ್ತೆ ಅಂತ ಇವರು. ಆದ್ರೂ ನೀಲಾಜಿ ಹೋದ್ಳು. ಅಲ್ಲಿ ಬುಡನಜ್ಜ ಒಬ್ಬನೇ ಬದುಕಿದ್ದ, ಮಂಡಿ ತನಕ ಕಲ್ಲು, ಮೇಲೆ ಮನುಷ್ಯ. ತಾಮ್ರದ ಪಾತ್ರೆ ಕಾಯಿಸಿ, ಒಳಗೆ ಹತ್ತಿಯಲ್ಲಿ ಏನೋ ಒರೆಸ್ತಿದ್ದ. ಕೆಂಪು ಪಾತ್ರೆ ಕಣ್ಣೆದುರೇ ಬೆಳ್ಳಿ ಹಾಗೆ ಬೆಳ್ಳಗಾಯ್ತು.

"ಅಜ್ಜಾ, ಈಗಲೂ ಕೆಲಸ ಮಾಡ್ತಿದ್ದೀರಲ್ಲ, ಯಾರಿಗೆ?"

"ಯಾರಿಗೂ ಇಲ್ಲ ಮಗಳೇ. ಸುಮ್ನೆ ಕೂತ್ರೆ ಕಲ್ಲು ಬೇಗ ಏರುತ್ತೆ ಅನ್ಸುತ್ತೆ."

ನೀಲಾಜಿ ಬಗ್ಗಿ ಆ ಬಿಳುಪನ್ನ ಬೆರಳಲ್ಲಿ ಮುಟ್ಟಿದ್ಳು. ಕಣ್ಣರಳ್ತು!

"ಅಯ್ಯೋ ಅಜ್ಜಾ! ಇದು ತವರ!"

ಅಂದಿದ್ದೇ ತಡ, ಕಿಟಕಿಯಿಂದ ಸುಯ್ಯಂತ ಹಸಿರು ನಾಲಿಗೆ ಬಂತು, ಪಾತ್ರೆ ನೆಕ್ಕಿ ಮಾಯ! ಪಾತ್ರೆ ಮತ್ತೆ ಕೆಂಪಗಾಯ್ತು.

ಬುಡನಜ್ಜ ಬಾಯಿ ಬಿಟ್ಟು ಕೂತ. "ಐವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ಆ ಉಡ ಊರೆಲ್ಲಾ ನೆಕ್ಕಿದ್ರೂ ಒಂದು ದಿನಾನೂ ಇತ್ತ ಬಂದಿರ್ಲಿಲ್ಲ. ಈಗೇನು ಅಂದೆ ನೀನು? ಆ ಮಾತು ನಮ್ಮ ಬೀದೀಲಿ ಇಲ್ವಲ್ಲ. ನಾವು ಇದನ್ನ ಕಲಾಯಿ ಅಂತೀವಿ."

ಕಲಾಯಿ! ಒಂದೇ ವಸ್ತು, ಎರಡು ಹೆಸರು! ಉಡಕ್ಕೆ ವಾಸನೆ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು. ಹೆಸರು ಕೇಳಿದ ಕಡೆ ನಾಲಿಗೆ ಚಾಚುತ್ತೆ. ನೀಲಾಜಿ ಬಾಯಿಗೆ ಕೈ ಮುಚ್ಕೊಂಡ್ಳು. ಅಳು ಬಂತು. ಎರಡು ಬೀದಿಯೋರೂ ಮಾತಾಡಿದ್ದಿದ್ರೆ! ನೇಕಾರರು, ಆ ಕೂಸು... ಒಂದು ಸಲ ಮಾತಾಡಿದ್ದಿದ್ರೆ ಇವರೆಲ್ಲ ಇರ್ತಿದ್ರಲ್ಲ!

ಆಮೇಲೆ ಉಳಿದ ಬೀದಿಗಳ ಮನೆಮನೆಗೂ ಓಡಿದ್ಳು. ಅರ್ಧ ಕಲ್ಲಾದೋರು ಕೈ ಚಾಚಿ ಪಾತ್ರೆ ಕೊಟ್ರು. ಒಬ್ಬ ಅಜ್ಜಿ ಕೊಡೋಲ್ಲ ಅಂದ್ಳು.

"ಕಲಾಯಿ ತೆಗೆದ್ರೆ ಹುಳಿಸಾರು ಕಿಲುಬು ಹಿಡಿಯುತ್ತೆ ಕಣೇ!"

"ಅಜ್ಜೀ, ನೀವು ಕಲ್ಲಾದ್ರೆ ಸಾರು ಕುಡಿಯೋರು ಯಾರು?"

"ಅದೂ ಸರಿ," ಅಂತ ಕೊಟ್ಬಿಟ್ಳು.

ಬುಡನಜ್ಜನ್ನ ಬಂಡೀಲಿ ಕೂರಿಸಿ ಕರ್ಕೊಂಡು ಬಂದ್ಳು. ಅವನು ಒಂದೊಂದೇ ಪಾತ್ರೆ ಕಾಯಿಸ್ದ, ಹತ್ತಿಯಲ್ಲಿ ಒರೆಸ್ದ, ಬಿಳಿ ಹನಿ ಹನಿಯಾಗಿ ಇಳೀತು. ಮಧ್ಯಾಹ್ನ ಆಗೋ ಹೊತ್ತಿಗೆ ಲೋಹ ಕರಗಿಸೋ ಮೂಸೆ ತುಂಬ್ತು. ಹಳೇ ಗಂಟೆಯ ತಾಮ್ರ ಕುದೀತಿತ್ತು. ಲೆಕ್ಕ ಕೂಗೋಕೆ ಉಳಿದಿದ್ದ ಹಿರಿಯ ಒಬ್ಬನೇ, ಕತ್ತಿನ ತನಕ ಕಲ್ಲಾಗಿದ್ದ ಸೋಮಾಚಾರಿ.

"ಅಪ್ಪಾ, ಆ ಹೆಸರು ಹೇಳ್ಬೇಡ. ಅವರ ಹೆಸರು ಹೇಳು."

"ಪಾತ್ರೆಬೀದಿ ಮಾತು ನನ್ನ ಬಾಯಲ್ಲಾ? ನಮ್ಮಜ್ಜ ಎದ್ದು ಬಂದು ಹೊಡೀತಾನೆ."

"ಅಪ್ಪಾ!" ಅಂದ್ಳು ಅಷ್ಟೇ.

ಮೂಸೆ ಬಗ್ಗಿಸಿದ್ರು. ಸೋಮಾಚಾರಿ ಕೂಗ್ದ, "ನಾಕು ತಾಮ್ರ, ಒಂದು ತ..."

ನಲವತ್ತು ವರ್ಷದ ಅಭ್ಯಾಸ ನೋಡಿ, ನಾಲಿಗೆ ತಾನಾಗೇ ಓಡ್ತು! ಮಾಡಿನ ಸಂದೀಲಿ ಹಸಿರು ನಾಲಿಗೆ ಇಣುಕ್ತು, ಮೂಸೆಯ ಮೇಲೆ ಒಂದು ಗೇಣು ದೂರದಲ್ಲಿ ತೂಗಾಡ್ತು. ಯಾರೂ ಉಸಿರಾಡ್ಲಿಲ್ಲ. ಸೋಮಾಚಾರಿಯ ಗದ್ದ ಕಲ್ಲಾಗ್ತಿತ್ತು. ಅವನು ಮಗಳ ಮುಖ ನೋಡ್ದ, ಬುಡನಜ್ಜನ ಮುಖ ನೋಡ್ದ.

"...ಕಲಾಯಿ!" ಅಂದ. ತುಟಿ ಕಲ್ಲಾಯ್ತು.

ಉಡ ಅತ್ತ ನೋಡ್ತು, ಇತ್ತ ನೋಡ್ತು. ಏನೂ ಅರ್ಥ ಆಗ್ದೆ ನಾಲಿಗೆ ಸುತ್ಕೊಂಡು ಕಾಡಿಗೆ ಹೋಯ್ತು.

ಸಂಜೆ ಅಚ್ಚು ಒಡೆದ್ರು. ಮಂಜಿನ ಜೊತೆ ಮೂಕರಾಯಾನೇ ಬಂದಿದ್ದ, ಉಳಿದೋರೂ ಕಲ್ಲಾಗೋದನ್ನ ನೋಡೋಕೆ. ನೀಲಾಜಿಯ ಕಾಲು ಮರಗಟ್ತಿತ್ತು. ಅವಳೂ ಬುಡನಜ್ಜಾನೂ ಒಂದೇ ಸುತ್ತಿಗೆ ಹಿಡ್ಕೊಂಡು ಬೀಸಿದ್ರು.

ಢಣ್ಣ್!

ಮಂಜು ಹರಿದು ಚೂರಾಯ್ತು. ಮೂಕರಾಯ ಎರಡೂ ಕಿವಿ ಮುಚ್ಕೊಂಡ, ಸದ್ದು ಬೆರಳ ಸಂದೀಲೇ ನುಗ್ತು, ಒಣಗಿದ ಮಡಕೆ ಹಾಗೆ ಬಿರುಕು ಬಿಟ್ಟು ಪುಡಿಪುಡಿ ಆದ. ನೇಕಾರರು ಕೆಮ್ಮಿದ್ರು. ಅರಮನೆ ತೊಟ್ಟಿಲಲ್ಲಿ ಕೂಸು ಅಳ್ತು, ಅದರಷ್ಟು ಚೆಂದದ ಅಳು ಯಾರೂ ಕೇಳಿರ್ಲಿಲ್ಲ!

ಆದ್ರೆ ಸೋಮಾಚಾರಿ ಅಲುಗ್ಲಿಲ್ಲ. ಎಲ್ರಿಗಿಂತ ಮೊದಲು ಕಲ್ಲಾಗೋಕೆ ಶುರುವಾದೋನಲ್ವಾ. ನೀಲಾಜಿ ಗಂಟೆ ಬಾರಿಸ್ತಾನೇ ಇದ್ಳು. ಬುಡನಜ್ಜ ಕೈ ಸೋತು ಕೂತ, ಅವಳು ಬಾರಿಸ್ತಾನೇ ಇದ್ಳು. ತುಟಿ ಬಣ್ಣ ತಿರುಗ್ತು. ಎದೆ ಏರಿಳೀತು. ಪಾದ ಮಾತ್ರ ಕಲ್ಲು, ತಣ್ಣಗಿನ ಕಲ್ಲು. ಸುತ್ತಿಗೆ ಬಿಸಾಕಿ ಎರಡೂ ಪಾದ ತಬ್ಕೊಂಡು ಉಜ್ಜಿದ್ಳು, ಉಜ್ಜಿದ್ಳು, ಅಳ್ತಾ ಉಜ್ಜಿದ್ಳು.

ಹೆಬ್ಬೆರಳು ಕುಣೀತು.

"ಬಿಡೇ ಕೂಸೇ," ಅಂದ ಅಪ್ಪ, "ಕಚಗುಳಿ ಆಗ್ತಿದೆ."

ಆವತ್ತಿಂದ ನಾದಾವತಿಯ ಜನ ಮಣ್ಣಿನ ಮಡಕೇಲಿ ಅಡಿಗೆ ಮಾಡ್ಕೊಂಡು, ಒಬ್ಬರ ಬೀದಿಗೊಬ್ಬರು ಹೋಗಿಬಂದು ಮಾತಾಡ್ಕೊಂಡು, ತಣ್ಣಗೆ ಬಾಳಿದ್ರು.