ಒಡೆಯದೆ ಉಳಿದ ಮೊಹರು

೨೦೧೯ರ ಮಾರ್ಚ್ ೪, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ರೌಹಿಯಾ ಎಂಬ ಹೆಂಗಸು ಗಿರ್ಗಾ ಠಾಣೆಗೆ ದೂರು ತಂದಳು. ಅವಳ ತಂದೆ ಶಹ್ಹಾತ ತೀರಿಕೊಂಡು ಮೂರು ತಿಂಗಳಾಗಿತ್ತು. ಬಿಟ್ಟುಹೋದದ್ದು ಕಾಲುವೆ ಪಕ್ಕದ ಇಪ್ಪತ್ನಾಲ್ಕು ಕಿರಾತ್, ಅಂದರೆ ಸುಮಾರು ಒಂದು ಎಕರೆ ಹೊಲ. ಷರಿಯತ್ ಪ್ರಕಾರ ತಾಯಿಗೆ ಮೂರು ಕಿರಾತ್, ಅಣ್ಣನಿಗೆ ಹದಿನಾಲ್ಕು, ಇವಳಿಗೆ ಏಳು. ಆದರೆ ಅಣ್ಣ ಹಮ್ದಾನ್ ಹೊಲದ ದಾಖಲೆ ಇಡುವ ಕೃಷಿ ಸಂಘಕ್ಕೆ ಒಂದು ಕ್ರಯಪತ್ರ ಕೊಟ್ಟಿದ್ದ. ೨೦೧೧ರಲ್ಲೇ ತಂದೆ ಹೊಲವನ್ನೆಲ್ಲ ಮಗನಿಗೆ ಮಾರಿದ್ದಾನೆ ಎಂದು ಅದರಲ್ಲಿತ್ತು. ಕೆಳಗೆ ತಂದೆಯ ಹಿತ್ತಾಳೆ ಮೊಹರಿನ ಗುರುತು.

"ಅಣ್ಣ ಏನೂ ಕೊಡ್ಲಿಲ್ವಾ?" ಇನ್ಸ್‌ಪೆಕ್ಟರ್ ವಜೀಹ್ ಕೇಳಿದ.

"ಒಂದು ಮೂಟೆ ಗೋಧಿ ಕಳಿಸ್ದ ಸಾಹೇಬ್ರೆ. ನಮ್ಮ ಕಡೆ ಹೆಣ್ಮಕ್ಕಳ ಬಾಯಿ ಮುಚ್ಚಿಸೋದು ಹಾಗೇ ಅಲ್ವಾ. ನಾನಿನ್ನೂ ಬಿಚ್ಚಿಲ್ಲ."

ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಬಖೀತ್ ತಲೆ ಎತ್ತಲಿಲ್ಲ. ತನ್ನ ಅಕ್ಕನಿಗೆ ಅವನೂ ಗೋಧಿಯನ್ನೇ ಕಳಿಸಿದ ಮಹಾನುಭಾವ.

ಮಾರ್ಚ್ ೫ರಂದು ಪಂಚನಾಮೆ ಮಾಡಿ ಕ್ರಯಪತ್ರ ವಶಕ್ಕೆ ಪಡೆದರು. ಬಖೀತ್ ಭೂತಗನ್ನಡಿ ಹಿಡಿದು ನೋಡಿದ. ಮೊಹರಿನಲ್ಲಿ ಶಹ್ಹಾತನ ಹೆಸರಿನ ಕೆಳಗೆ ಸಣ್ಣದಾಗಿ ಹಿಜರಿ ೧೪೩೮ ಎಂದು ಕೆತ್ತಿತ್ತು. ಅಂದರೆ ೨೦೧೭. ಮಾರಾಟವಾಗಿ ಆರು ವರ್ಷವಾದ ಮೇಲೆ ಹುಟ್ಟಿದ ಮೊಹರು.

ಸಂತೆಯಲ್ಲಿ ಮೊಹರು ಕೆತ್ತುವ ಮುದುಕ ತನ್ನ ಪುಸ್ತಕ ತೆಗೆದು ಅದೇ ಗುರುತು ತೋರಿಸಿದ. ಎಮ್ಮೆ ತೊಳೆಯುವಾಗ ಹಳೆಯದು ಕಾಲುವೆ ಪಾಲಾಯಿತೆಂದು ಶಹ್ಹಾತ ೨೦೧೭ರಲ್ಲಿ ಹೊಸದು ಮಾಡಿಸಿಕೊಂಡಿದ್ದನಂತೆ. "ಓದೋಕೆ ಬರದವರಿಗೇ ಮೊಹರು ಬೇಕಾಗೋದು. ಅದರಲ್ಲಿ ವರ್ಷ ಇರುತ್ತೆ ಅಂತ ಅವರಿಗೇನು ಗೊತ್ತು?" ಎಂದ.

ಮಾರ್ಚ್ ೭, ಬೆಳಿಗ್ಗೆ ಹನ್ನೊಂದಕ್ಕೆ ಹಮ್ದಾನನ ವಿಚಾರಣೆ. ಅವನಿಗೂ ಓದು ಬಾರದು.

"ಕಾಗದ ಯಾರು ಕೊಟ್ರು?"

"ಅಮ್ಮ. ಅಪ್ಪನ ನಲವತ್ತನೇ ದಿನ ಕಳೆದ ಮೇಲೆ."

"ಮೊಹರು ಎಲ್ಲಿ?"

"ಮಣ್ಣು ಮಾಡಿದ ದಿನವೇ ಕಲ್ಲಲ್ಲಿ ಜಜ್ಜಿದೆ ಅಂದ್ಲು. ಸತ್ತವರ ಮೊಹರು ಇಟ್ಕೋಬಾರದಲ್ವಾ."

"ಜಜ್ಜಿದ್ದನ್ನ ನೀನು ಕಂಡ್ಯಾ?"

"ಇಲ್ಲ. ಅಮ್ಮ ಹೇಳಿದ್ದಷ್ಟೇ."

ಮಧ್ಯಾಹ್ನ ಮೂರಕ್ಕೆ ಪೊಲೀಸರು ಮನೆಗೆ ಹೋದಾಗ ತಾಯಿ ಸಿತ್ತುಹುಮ್ ರೊಟ್ಟಿಯ ಹಿಟ್ಟನ್ನು ಬಿಸಿಲಿಗೆ ಉಬ್ಬಲು ಇಡುತ್ತಿದ್ದಳು. ಹುಡುಕುವುದು ಬೇಡವೆಂದು ತಾನೇ ತಲೆಬಟ್ಟೆಯ ಗಂಟು ಬಿಚ್ಚಿ ಮೊಹರು ತೆಗೆದುಕೊಟ್ಟಳು. ಕಾಗದ ಬರೆದವನು ಸಂತೆಯಲ್ಲಿ ಪತ್ರ ಬರೆದುಕೊಡುವ ಯಾರೋ ಒಬ್ಬ, ಮೊಹರು ಒತ್ತಿದವಳು ತಾನು, ಮಗನಿಗೆ ತಿಳಿಯದು ಎಂದಳು.

"ಮಗಳ ಪಾಲು ಯಾಕೆ ಕಿತ್ಕೊಂಡೆ ತಾಯಿ?" ವಜೀಹ್ ಕೇಳಿದ.

"ನಮ್ಮಪ್ಪ ಸತ್ತಾಗ ನಾನೂ ಪಾಲು ಕೇಳ್ದೆ ಮಗಾ. ಕೊಟ್ರು. ಅವತ್ತು ಮುಚ್ಚಿದ ಬಾಗಿಲು ನನ್ನಣ್ಣ ಮತ್ತೆ ತೆಗೀಲಿಲ್ಲ. ನಮ್ಮಮ್ಮ ಸತ್ತಾಗ ಬೀದೀಲಿ ನಿಂತು ಅತ್ತೆ. ಇವಳು ಪಾಲು ಕೇಳಿದ್ರೆ ತಂಗೀನೇ ಅಲ್ಲ ಅಂತ ಹಮ್ದಾನ ಆಣೆ ಇಟ್ಟಿದ್ದ. ಕೇಳೋಕೆ ಪಾಲೇ ಇಲ್ಲದಿದ್ರೆ ಜಗಳ ಎಲ್ಲಿಂದ? ನಾಳೆ ಗಂಡ ಇವಳನ್ನ ಆಚೆ ಹಾಕಿದ ದಿನ ಏಳು ಕಿರಾತ್ ಹೊಲ ಬಾ ಒಳಗೆ ಅನ್ನುತ್ತಾ?"

ನಾಲ್ಕು ಹತ್ತಕ್ಕೆ ತಾಯಿಯ ಬಂಧನ. ಸುದ್ದಿ ಕೇಳಿ ಠಾಣೆಗೆ ಓಡಿಬಂದ ರೌಹಿಯಾ ದೂರು ವಾಪಸ್ ಕೊಡಿ ಎಂದು ವಜೀಹನನ್ನು ಬೇಡಿಕೊಂಡಳು. ಸುಳ್ಳು ದಸ್ತಾವೇಜಿನ ಕೇಸು ಇನ್ನು ಸರ್ಕಾರದ್ದು, ತನ್ನ ಕೈಯಲ್ಲೂ ಇಲ್ಲ ಎಂದು ಅವನು ಹೇಳಬೇಕಾಯಿತು. ಹೇಳುವಾಗ ಅವನಿಗೆ ತನ್ನ ಕೆಲಸದ ಮೇಲೇ ಬೇಸರ ಬಂತು.

ಸಿತ್ತುಹುಮ್ ಮಗಳನ್ನು ಬೈಯಲಿಲ್ಲ. "ಆ ಮೂಟೆ ಬಿಚ್ಚಿ ಬಿಸಿಲಿಗೆ ಹಾಕು. ಹುಳ ಬೀಳುತ್ತೆ" ಎಂದಷ್ಟೇ ಹೇಳಿದಳು.

ವಜೀಹ್ ವರದಿಯ ಕೊನೆಗೆ ಬರೆದ: ಆರೋಪಿಗೆ ಸ್ವಂತ ಲಾಭವಿಲ್ಲ. ಈ ಪತ್ರದಿಂದ ಆಕೆ ತನ್ನ ಮೂರು ಕಿರಾತನ್ನೂ ಬಿಟ್ಟುಕೊಟ್ಟಿದ್ದಳು.

ಸಂಜೆ ಐದೂವರೆಗೆ ಅವರ ಊರಿಗೆ ಹೋಗುವ ಗಾಡಿ ಠಾಣೆಯೆದುರು ನಿಂತಿತ್ತು. ಹಮ್ದಾನ್ ಹತ್ತಿ ಕೂತ. ರೌಹಿಯಾ ಬಂದು ಅವನ ಪಕ್ಕದ ಖಾಲಿ ಜಾಗಕ್ಕೆ ಕೈಯಿಟ್ಟಳು. ಅವನು ಇಳಿದು, ಕಾಲುವೆಯ ದಾರಿ ಹಿಡಿದು ನಡೆದುಕೊಂಡೇ ಊರಿಗೆ ಹೊರಟ.