ಉತ್ತರದ ಕೋಣೆಯ ಕೆಂಪು ಹುಳುಗಳು

"ಮುಟ್ಟಬೇಡಿ ಅಳಿಯಂದ್ರೇ," ಎಂದು ಬಹ್ರಿ ಮೂರನೆಯ ಸಲ ಹೇಳಿದಳು. "ಚಳಿಗೆ ಬರ್ತವೆ, ವಸಂತದ ನವ್‌ರೋಜ್ ಹಬ್ಬದ ಹೊತ್ತಿಗೆ ತಾವಾಗೇ ಹೋಗ್ತವೆ. ಆ ಕೋಣೆ ಅವುಗಳದ್ದು. ಬಿಟ್ಟುಬಿಡಿ."

ಹಮ್ದಾಮ್ ನಕ್ಕುಬಿಟ್ಟ. ಅವನ ಕೈಯಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯಿತ್ತು.

"ಅತ್ತೆಮ್ಮಾ, ತಾಷ್ಕೆಂಟಲ್ಲಿ ಇಪ್ಪತ್ತು ವರ್ಷ ಜಿರಳೆ, ತಿಗಣೆ ಹೊಡೆದ ಕೈ ಇದು. ಇಲ್ಲೀವರೆಗೂ ಒಂದು ತಿಗಣೆ ಶಾಪಾನೂ ತಟ್ಟಿಲ್ಲ ನನಗೆ!"

ಬಹ್ರಿ ಅಳಿಯ ನಗುವುದನ್ನೇ ರೆಪ್ಪೆ ಬಡಿಯದೆ ನೋಡಿ, ತಲೆವಸ್ತ್ರದ ತುದಿಯಿಂದ ಬಾಯೊರೆಸಿಕೊಂಡು ಅಂಗಳಕ್ಕೆ ಇಳಿದಳು.

ಬೊಯ್ಸುನ್ ಬೆಟ್ಟದ ಇಳಿಜಾರಿನ ಆ ಹಳ್ಳಿಗೆ ಹಮ್ದಾಮ್ ಬಂದು ಎಂಟು ತಿಂಗಳಾಗಿತ್ತು. ಬಹ್ರಿಯ ಮಗಳು ಓಯ್ದಿನ್‌ಳ ಎರಡನೆಯ ಗಂಡನಾಗಿ ಅವಳ ಮನೆಗೇ ಬಂದು ನೆಲೆಸಿದ್ದ. ಮೊದಲನೆಯವನು ಅತ್ತೆ ಹಾಕಿದ ಗೆರೆ ದಾಟದ ಸಾಧು. ಎರಡು ಬಸಿರು ನಿಲ್ಲದೆ ಹೋದ ಮೇಲೆ ಓಯ್ದಿನ್‌ಳನ್ನು ಬಿಟ್ಟು ಹೋಗಿದ್ದ. ಹಮ್ದಾಮ್ ಚಹಾದಂಗಡಿಗೆ ಹೋದರೆ ಸಾಕು, "ಏನಪ್ಪಾ ಮನೆ ಅಳಿಯಾ, ಕಸ ಗುಡಿಸಿ ಆಯ್ತಾ? ಅತ್ತೆ ಹೊರಗೆ ಬಿಟ್ರಾ?" ಎಂದು ಗಡ್ಡದವರೆಲ್ಲ ಕೆಣಕುತ್ತಿದ್ದರು. ಈಗ ಓಯ್ದಿನ್‌ಗೆ ಮತ್ತೆ ನಾಲ್ಕು ತಿಂಗಳು. ಹುಟ್ಟುವ ಕೂಸಿಗೆ ಒಂದು ಬೆಚ್ಚನೆಯ ಕೋಣೆ ಮಾಡಿಕೊಡಬೇಕು, ತನ್ನ ಕೈಯ ಕಸುಬು ಈ ಮನೆಗೆ ಒಂದು ಸಲವಾದರೂ ಉಪಯೋಗಕ್ಕೆ ಬರಬೇಕು. ಅಷ್ಟೇ ಅವನ ಆಸೆ.

ಉತ್ತರದ ಕೋಣೆಯ ಬಾಗಿಲು ತೆರೆದಾಗ ಮುಗ್ಗಿದ ಕಡಲೆಬೀಜದಂಥ ವಾಸನೆ ಮುಖಕ್ಕೆ ಬಡಿಯಿತು. ಸುಣ್ಣದ ಗೋಡೆ ಬಿಳಿಯಾಗಿರಲಿಲ್ಲ. ಗುಲಗಂಜಿಯಷ್ಟೇ ಗಾತ್ರದ, ಗುಲಗಂಜಿಯಷ್ಟೇ ಕೆಂಪಾದ ಹುಳುಗಳು ಕಿಟಕಿಯ ಸಂದಿನಿಂದ ತೊಲೆಯವರೆಗೂ ಒತ್ತೊತ್ತಾಗಿ ಕೂತಿದ್ದವು. ಖಾನನ ಮಗಳು ಎಂದು ಆ ಸೀಮೆಯಲ್ಲಿ ಅವಕ್ಕೆ ಹೆಸರು. ಕಿವಿಗೊಟ್ಟರೆ ಸಾವಿರ ಕಾಲುಗಳು ಸುಣ್ಣ ಕೆರೆಯುವ ಸದ್ದು ಕೇಳುತ್ತಿತ್ತು.

ಯಂತ್ರ ಗುರ್ರೆಂದಿತು. ಹುಳುಗಳು ಕೊಳವೆಯೊಳಗೆ ಆಲಿಕಲ್ಲಿನಂತೆ ಚಟಪಟನೆ ಬಡಿದವು. ಚೀಲ ಮೂರು ಸಲ ತುಂಬಿತು. ಮೂರು ಸಲವೂ ಅದನ್ನು ಅಂಗಳದ ಉರಿಯುವ ತಂದೂರಿಗೆ ಸುರಿದ. ಎಳ್ಳು ಸಿಡಿದಂತೆ ಸಿಡಿದವು. ಹಳದಿ ಹೊಗೆ ಎದ್ದಿತು. ಮೂಲೆಯ ಬಿರುಕಿನಲ್ಲಿ ಅಡಗಿದ್ದವನ್ನು ಬೆರಳಿನಿಂದಲೇ ಕೆರೆದು ತೆಗೆಯುವಾಗ ಗೋಡೆಯೊಳಗಿಂದ ಕೆಂಪು ನೂಲಿನ ತುದಿಯೊಂದು ಕೈಗೆ ಸಿಕ್ಕಿತು. ಎಳೆದ. ಮೊಳಗಟ್ಟಲೆ ಬಂತು, ಗೇಣಿಗೊಂದು ಗಂಟು. ಅದನ್ನೂ ಬೆಂಕಿಗೆ ಎಸೆದು, ಬಿರುಕಿಗೆ ಸಿಮೆಂಟು ಮೆತ್ತಿದ.

ಅಂದಿನ ರೊಟ್ಟಿ ಕಹಿಯಾಗಿತ್ತು.

"ಹುಳದ ಹೊಗೆ ಕುಡಿದಿದೆ ಕಣೇ ತಂದೂರು," ಎಂದು ಅವನು ಉಗುಳಿದ.

ಓಯ್ದಿನ್ ಅದೇ ರೊಟ್ಟಿ ಮುರಿದು ತಿಂದಳು. "ಚೆನ್ನಾಗೇ ಇದೆಯಲ್ರೀ."

ಮರುದಿನ ಚಹಾ ಕಹಿಯಾಯಿತು. ಬಳಿಕ ಒಣ ಜರ್ದಾಳು, ಬಾವಿಯ ನೀರು, ಕೊನೆಗೆ ತನ್ನದೇ ಎಂಜಲು. ಐದನೆಯ ದಿನ ನಮಾಜಿಗೆ ಮಂಡಿಯೂರಿದಾಗ ಷರಾಯಿ ಒದ್ದೆಯಾಯಿತು. ಎತ್ತಿ ನೋಡಿದ. ಗಾಯವಿರಲಿಲ್ಲ, ಕೀವಿರಲಿಲ್ಲ. ಮಂಡಿಚಿಪ್ಪಿನ ಸುತ್ತ ಚರ್ಮದಿಂದ ಹಳದಿ ನೀರು ಬೆವರಿನಂತೆ ಜಿನುಗುತ್ತಿತ್ತು. ಅದೇ ಮುಗ್ಗಿದ ವಾಸನೆ. ಹೆದರಿಸಿದರೆ ಆ ಹುಳುಗಳು ಕಾಲಿನ ಕೀಲುಗಳಿಂದ ಇಂಥದೇ ರಸ ಸುರಿಸುತ್ತವೆಂದು ಇಪ್ಪತ್ತು ವರ್ಷದ ಕಸುಬು ಅವನಿಗೆ ಕಲಿಸಿತ್ತು. ಪೇಟೆಯಿಂದ ಊರಿಗೆ ಬಂದ ವೈದ್ಯ ಮುಲಾಮು ಕೊಟ್ಟು ಹೋದ. ವಾರದೊಳಗೆ ಮೊಣಕೈ ಜಿನುಗಿತು. ಆಮೇಲೆ ಬೆರಳಿನ ಗೆಣ್ಣುಗಳು.

ಒಂದು ನಡುಹಗಲು ಜಗಲಿಯ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದಾಗ ಮಂಡಿಯ ಹಿಂದೆ ಕಚಗುಳಿಯಾಯಿತು. ಕಣ್ಣು ತೆರೆದ. ಒಂದು ಕೆಂಪು ಚುಕ್ಕೆ. ಹತ್ತು. ನೂರು. ಬಿಸಿಲೇ ಹುಳುವಾಗಿ ಇಳಿದಂತೆ ಬರುತ್ತಿದ್ದವು. ತೋಳಿನ ಮೇಲೆ. ಕತ್ತಿನ ಮಡಿಕೆಯಲ್ಲಿ. ಕಿವಿಯ ಬಾಯಲ್ಲಿ. ಕೊಡವಿದ. ಮತ್ತೆ ಬಂದವು. ಕಿರುಚಿದ. ನಾಲಗೆಯ ಮೇಲೆ ಕಾಲುಗಳು ಹರಿದವು. ಒಂದೂ ಕಚ್ಚಲಿಲ್ಲ. ಚಳಿಗಾಲ ಕಳೆಯಲು ಜಾಗ ಹುಡುಕುತ್ತಿದ್ದವು, ಅಷ್ಟೇ.

"ಓಯ್ದಿನ್! ಬಾರೇ!"

ಅವಳು ಬಾಗಿಲಲ್ಲೇ ಇದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಬರಲಿಲ್ಲ.

ಬಂದವಳು ಬಹ್ರಿ. ನಾದುತ್ತಿದ್ದ ಹಿಟ್ಟು ಇನ್ನೂ ಕೈಗಂಟಿತ್ತು. ಪಕ್ಕದಲ್ಲಿ ಕೂತು, ಗೋದಿಯ ಬೆಲೆ ಹೇಳುವವಳ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು.

"ನಮ್ಮ ಯಜಮಾನರು ಇನ್ನೊಬ್ಬಳನ್ನ ಕರಕೊಂಡು ಬಂದಿದ್ರು. ಜುಲ್ಖುಮೋರ್ ಅಂತ. ತುಂಬಿದ ಬಸುರಿ. ಅವರು ಮಂದೆ ಹಿಂದೆ ಬೆಟ್ಟಕ್ಕೆ ಹೋದಾಗ ಅವಳನ್ನ ಉತ್ತರದ ಕೋಣೆಗೆ ಹಾಕಿ ಚಿಲಕ ಜಡಿದೆ. ನೋವು ಬಂದು ಕೂಗಿದ್ಲು. ನಾನು ತೆಗೀಲಿಲ್ಲ."

"ಅತ್ತೆಮ್ಮಾ..."

"ಇಬ್ರೂ ಹೋದ್ರು, ತಾಯಿ, ಮಗು. ಅವಳ ಅವ್ವ ಮಾಟದವಳು. ನಲವತ್ತನೇ ದಿನ ಬಂದು ಆ ನೂಲು ಗೋಡೇಲಿಟ್ಟು ಮೆತ್ತಿದ್ಲು. ಆಗ ಓಯ್ದಿನ್ ನನ್ನ ಹೊಟ್ಟೇಲಿದ್ಲು. ನಿನ್ನ ಹೊಟ್ಟೇಲಿರೋಳಿಗೆ ಬಸಿರು ನಿಲ್ಲಬಾರದು ಅಂದ್ಲು. ಬಿಡುಗಡೆ ಬೇಕಾದ್ರೆ, ಈ ಮನೆ ರಕ್ತ ಅಲ್ಲದವನು, ಮೂರು ಸಲ ಬೇಡ ಅಂದ್ರೂ ಕೇಳದೆ, ನಗ್ತಾ, ತನ್ನ ಕೈಯಾರೆ ಇದನ್ನ ಕೀಳಬೇಕು. ಆಗ ಇದು ಅವನ ಮೇಲೆ ಹೋಗುತ್ತೆ ಅಂದ್ಲು."

ಹಮ್ದಾಮ್ ಮೊಣಕೈಯೂರಿ ಎದ್ದು ಕೂತ. "ಅದಕ್ಕೇ... ನನ್ನ ತಂದ್ರಾ?"

"ಮೊದಲನೇ ಅಳಿಯ ಮಾತು ಕೇಳೋನು," ಎಂದಳು ಬಹ್ರಿ. "ನಗೋನೇ ಬೇಕಾಗಿತ್ತು."

ಅವನು ಹೆಂಡತಿಯತ್ತ ತಿರುಗಿದ. "ನಿನಗೂ ಗೊತ್ತಿತ್ತೇನೇ?"

"ಎರಡನ್ನ ಮಣ್ಣಿಗೆ ಕೊಟ್ಟಿದ್ದೆ ಕಣ್ರೀ," ಎಂದಳು ಓಯ್ದಿನ್.

"ಹೋಗ್ಬೇಕಾದ್ರೆ ಹೋಗಿ," ಬಹ್ರಿ ಎದ್ದಳು. "ಹಿಡ್ಕೊಳ್ಳೋಕೆ ನನಗೇನು ಹಕ್ಕಿದೆ? ನೀವು ಈ ಊರು ದಾಟಿದ್ರೆ ಅದು ತನ್ನ ಜಾಗಕ್ಕೆ ವಾಪಸು ಹೋಗುತ್ತೆ."

ಯಾವ ಜಾಗವೆಂದು ಅವನು ಕೇಳಲಿಲ್ಲ. ಅಂಗಿ ತೊಟ್ಟ. ಚೀಲ ಹೆಗಲಿಗೇರಿಸಿದ. ಹೊರಟೇಬಿಟ್ಟ.

ಹಿಪ್ಪುನೇರಳೆ ಸಾಲು ದಾಟಿದ. ಹುಳುಗಳು ಒಂದೊಂದಾಗಿ ಉದುರಿದವು. ಊರ ಕೊನೆಯ ತೊರೆಯ ದಡದಲ್ಲಿ ಮಂಡಿ ಮುಟ್ಟಿ ನೋಡಿದ. ಒಣಗಿತ್ತು. ಬೊಗಸೆಯಲ್ಲಿ ನೀರೆತ್ತಿ ಕುಡಿದ. ಸಿಹಿ! ತಣ್ಣನೆಯ, ಕಲ್ಲಿನ ರುಚಿಯ, ಬರೀ ನೀರು. ಹಮ್ದಾಮ್ ಎಳೆಮಗುವಿನಂತೆ ಬಿಕ್ಕಿದ. ಮತ್ತೆ ಕುಡಿದ. ತೊರೆಯಾಚೆ ಪೇಟೆಗೆ ಹೋಗುವ ವ್ಯಾನು ನಿಂತಿತ್ತು. ಚಾಲಕ ಕೈ ಬೀಸಿ ಕರೆದ.

ತೊರೆ ದಾಟುವ ಕಲ್ಲಿನ ಮೇಲೆ ಒಂದು ಕಾಲಿಟ್ಟ.

ಆಗ ಕೇಳಿಸಿತು. ಮೇಲಿನ ಮನೆಯಿಂದ. ಹೆಣ್ಣಿನ ಕೂಗು. ಓಯ್ದಿನ್‌ಳ ದನಿ. ಹೊಟ್ಟೆ ಸೀಳಿದಂಥ ಕೂಗು. ಒಮ್ಮೆ. ಮತ್ತೊಮ್ಮೆ.

ಕಾಕತಾಳೀಯ ಎಂದುಕೊಂಡ. ಭಯದಿಂದ ಕೂಗಿರಬಹುದು. ನಾಟಕವೂ ಇರಬಹುದು. ಪರೀಕ್ಷಿಸುವುದು ಬಹಳ ಸುಲಭವಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಸಾಕು, ನಿಜವೋ ಸುಳ್ಳೋ ತಿಳಿಯುತ್ತಿತ್ತು. ಬದುಕಿಡೀ ಯಾವುದನ್ನೂ ನಂಬದಿದ್ದ ಆ ಮನುಷ್ಯನಿಗೆ ಆ ಹೆಜ್ಜೆ ಇಡಲಾಗಲಿಲ್ಲ.

ತಿರುಗಿದ. ಏರಿದ. ಓಡಿದ. ಹಿಪ್ಪುನೇರಳೆ ಸಾಲಿನಲ್ಲೇ ಬಾಯಿ ಕಹಿಯಾಯಿತು. ಬೇಲಿಯ ಬಳಿ ಮಂಡಿ ಒದ್ದೆಯಾಯಿತು. ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಕೂಗು ನಿಂತಿತ್ತು. ಓಯ್ದಿನ್ ಕಂಬಕ್ಕೊರಗಿ ಉಸಿರೆಳೆದುಕೊಳ್ಳುತ್ತಿದ್ದಳು. ಅವಳ ಪಾದದ ಬಳಿ ಒಂದೇ ಒಂದು ಹನಿ ರಕ್ತ.

ಬಸಿರು ನಿಂತಿತು. ವಸಂತದಲ್ಲಿ ಹೆಣ್ಣು ಮಗು ಹುಟ್ಟಿತು. ತುಂಬು ಕೆನ್ನೆ, ಗಟ್ಟಿ ಗಂಟಲು. ಓಯ್ದಿನ್ ಹಟಮಾಡಿ ಅದನ್ನು ಅವನ ಮಡಿಲಿಗಿಟ್ಟಳು. ಹಮ್ದಾಮ್ ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಳ್ಳುವ ಮೊದಲೇ ಕೂಸು ಅವನ ಬೆರಳು ಹಿಡಿದು ಬಾಯಿಗಿಟ್ಟುಕೊಂಡಿತು. ಮುಖ ಕಿವುಚಿತು. ಉಸಿರು ಕಟ್ಟುವಂತೆ ಅತ್ತಿತು. ಅಂದಿನಿಂದ ಅವನು ಹತ್ತಿರ ಬಂದರೆ ಸಾಕು, ಅಳು ಶುರು.

ಈಗ ಅದಕ್ಕೆ ಹೆಜ್ಜೆ ಬಂದಿದೆ. ತರಕಾರಿಯವನ ಕಂಕುಳಿಗೂ ಹಾರುತ್ತದೆ, ಅಪ್ಪನ ಬಳಿ ಸುಳಿಯುವುದಿಲ್ಲ. ಉತ್ತರದ ಕೋಣೆಯ ಹೊಸ್ತಿಲಲ್ಲಿ ಕೂತು ಹಮ್ದಾಮ್ ದೂರದಿಂದಲೇ ನೋಡುತ್ತಾನೆ. ಅಂಗಳದ ಬಿಸಿಲಿನಲ್ಲಿ ಬಹ್ರಿ ಮೊಮ್ಮಗಳಿಗೆ ಜೇನು ನೆಕ್ಕಿಸುತ್ತಿರುತ್ತಾಳೆ. ಅಜ್ಜಿಯ ತೊಡೆಯ ಮೇಲೆ ಮಗು ಕೇಕೆ ಹಾಕಿ ನಗುತ್ತಿರುತ್ತದೆ.