ಕೆಲಸದಿಂದ ತೆಗೆದ ಹನ್ನೆರಡನೆಯವನು

"ಇದನ್ನ ಬರೆದಿದ್ದು ನೀವೇನಾ?"

ಮೇಜಿನ ಮೇಲೆ ಮೊಬೈಲ್ ಇಟ್ಟು ಅವನು ಕೇಳಿದ.

ಅವಳು ತಲೆಯೆತ್ತಿದಳು. ಅಂಗಿಯ ತೋಳಿಗೆ ಒಣಗಿದ ಸಿಮೆಂಟು, ಹುಬ್ಬಿನ ಮೇಲೆ ಬಿಳಿ ಧೂಳು. ಮುಖ ಹೊಸದು. ಆದರೆ ಆ ಕೈಗಳು...! ನಾಲ್ಕು ತಿಂಗಳಿಂದ ಫೋಟೋಗಳ ಅಂಚಿನಲ್ಲಿ ನೋಡುತ್ತಲೇ ಇದ್ದ ಕೈಗಳು.

'ಅಯ್ಯೋ ದೇವರೇ, ಇವರೇನಾ ಮೌನಿ?'

ಅವಳಪ್ಪ ಮನೆ ಕಟ್ಟುವ, ರಿಪೇರಿ ಮಾಡಿಸುವ ಕಂಟ್ರಾಕ್ಟರ್. ಗಿರಾಕಿಗಳು ಇಂಟರ್ನೆಟ್ಟಿನಲ್ಲಿ ಸ್ಟಾರ್ ಕೊಟ್ಟು ಹಾಕುವ ರಿವ್ಯೂಗಳಿಗೆ ಉತ್ತರ ಬರೆಯುವುದು ಅವಳ ಕೆಲಸ. ಅದಕ್ಕೇ ಕೆಲಸಗಾರರೆಲ್ಲ ಅವಳನ್ನು 'ಸ್ಟಾರಮ್ಮ' ಎನ್ನುತ್ತಿದ್ದರು. ಟೈಲ್ಸ್ ಹಾಕುವವನನ್ನು 'ಮೌನಿ' ಎನ್ನುತ್ತಿದ್ದರು. ಅವನು ಆಫೀಸಿಗೆ ಕಾಲಿಟ್ಟವನೇ ಅಲ್ಲ. ಸಂಜೆಯಾದರೆ ಮುಗಿದ ಕೆಲಸದ ಫೋಟೋ ಕಳಿಸುತ್ತಿದ್ದ. ಜೊತೆಗೆ ಎರಡೇ ಮಾತು. 'ಮುಗೀತು. ನೋಡಿ.'

ಆ ಎರಡು ಮಾತಿಗಾಗಿ ಅವಳು ಕಾಯುತ್ತಿದ್ದುದು ದೇವರಿಗೆ ಮಾತ್ರ ಗೊತ್ತಿತ್ತು.

ಈಗ ಮೊಬೈಲಿನಲ್ಲಿ ಅವಳದೇ ಉತ್ತರ. 'ಬಚ್ಚಲಲ್ಲಿ ನೀರು ನಿಲ್ಲುತ್ತದೆ' ಎಂಬ ಒಂದು ಸ್ಟಾರಿನ ರಿವ್ಯೂ ಕೆಳಗೆ, 'ಕ್ಷಮಿಸಿ. ಟೈಲ್ಸ್ ಹಾಕಿದವನನ್ನು ಕೆಲಸದಿಂದ ತೆಗೆದಿದ್ದೇವೆ.'

"ಅದು... ಸುಮ್ನೆ ಬರೆಯೋದು. ಗಿರಾಕಿ ಸಿಟ್ಟು ಇಳೀಲಿ ಅಂತ. ನಾವು ಯಾರನ್ನೂ ತೆಗೆಯಲ್ಲ..."

"ಅವರ ಸಿಟ್ಟು ಇಳೀತು. ಜೊತೆಗೆ ನನ್ನ ಮರ್ಯಾದೆನೂ ಇಳೀತು," ಎಂದ ಅವನು. "ಇವತ್ತು ಹೊಸ ಮನೆಯವರು ಇದನ್ನ ತೋರ್ಸಿ ಬಾಗಿಲಲ್ಲೇ ವಾಪಸ್ ಕಳಿಸಿದ್ರು. ದಿನಾ ಸಂಜೆ ನನ್ನ ಮೆಸೇಜಿಗೆ ಉತ್ತರ ಬರೀತಿದ್ರಲ್ಲ... ಅವತ್ತು ಒಂದು ಮಾತು ನನ್ನ ಕೇಳೋಕೆ ಆಗ್ಲಿಲ್ವಾ?"

ಅವನು ಮೇಜಿನ ಮೇಲಿದ್ದ ಮೊಬೈಲ್ ಎತ್ತಿಕೊಂಡ.

"ಆಯ್ತು ಬಿಡಿ. ಬರೆದ ಹಾಗೇ ಆಗ್ಲಿ. ಹೊರಟೆ!"

ಹೋಗಿಯೇಬಿಟ್ಟ.

ಕೇಳಬಹುದಿತ್ತು... ಯಾಕೆ ಕೇಳಲಿಲ್ಲ?

ಆ ದಿನ ಅವಳಿಗೆ ರೋಸಿಹೋಗಿತ್ತು. 'ಕೆಲಸ ಚೆನ್ನಾಗಿದೆ, ಡ್ರಿಲ್ ಸದ್ದು ಜಾಸ್ತಿ' ಅಂತ ಒಬ್ಬರು ಎರಡು ಸ್ಟಾರ್ ಕೊಟ್ಟಿದ್ದರು. 'ಹೊಸ ಬಾಗಿಲು ನಮ್ಮ ನಾಯಿಗೆ ಇಷ್ಟವಾಗಲಿಲ್ಲ' ಅಂತ ಇನ್ನೊಬ್ಬರು. ನಾಯಿಗೆ ಏನಂತ ಉತ್ತರ ಬರೆಯುವುದು, ಪಾಪ! ಅಷ್ಟರಲ್ಲಿ ಈ ಬಚ್ಚಲಿನ ದೂರು. ಸಿದ್ಧವಾಗಿದ್ದ ಉತ್ತರವೊಂದನ್ನು ಅಂಟಿಸಿ ಕೈತೊಳೆದುಕೊಂಡಿದ್ದಳು. ಮೂರು ವರ್ಷದಲ್ಲಿ ಹೀಗೆ ಹನ್ನೊಂದು ಜನರನ್ನು 'ತೆಗೆದು' ಹಾಕಿದ್ದಳು. ಹನ್ನೊಂದು ಜನರೂ ಮರುದಿನ ಅವಳೆದುರಿಗೇ ಟೀ ಕುಡಿದಿದ್ದರು. ಅವರಲ್ಲಿ ಯಾರು ಬಡಗಿ, ಯಾರು ಪೇಂಟರ್ ಎಂದು ಓದಿದವರಿಗೆ ತಿಳಿಯುವಂತಿರಲಿಲ್ಲ. ಆದರೆ ಅಪ್ಪನ ಬಳಿ ಟೈಲ್ಸ್ ಹಾಕುವವನು ಒಬ್ಬನೇ. 'ಟೈಲ್ಸ್ ಹಾಕಿದವನು' ಎಂಬ ಒಂದು ಮಾತು ಸೇರಿಸುವಾಗ ಅದು ಅವಳಿಗೆ ಹೊಳೆಯಲೇ ಇಲ್ಲ!

ವಿಷಯ ಕೇಳಿ ಅಪ್ಪ ಹಣೆ ಹಿಡಿದುಕೊಂಡರು.

"ಮೂರು ಸಲ ನೀರು ಸುರಿದು, ಹರಿಯೋದು ನೋಡದೆ ಅವನು ಮನೆ ಬಿಡೋನಲ್ಲ ಕಣಮ್ಮ. ನಿಂಗ್ಯಾಕೆ ಅಷ್ಟು ಅವಸರ?"

ಮರುದಿನ ಬೆಳಿಗ್ಗೆಯೇ ದೂರು ಕೊಟ್ಟ ಮನೆಗೆ ಹೋದಳು. ಆಕೆ ರಿಟೈರಾದ ಟೀಚರು. ಪಾಠ ಬಿಟ್ಟಿದ್ದರೂ ಗದರುವುದು ಬಿಟ್ಟಿರಲಿಲ್ಲ.

"ನೋಡು, ನೀನೇ ನೋಡು! ಕೆರೆ ನಿಂತ ಹಾಗೆ ನಿಂತಿದೆ!"

ನಿಜ, ಪಾದ ಮುಳುಗುವಷ್ಟು ನೀರು. ಅವಳು ಕೂತು ಕೈಯಾಡಿಸಿದಳು. ನೀರು ಹರಿದು ಒಂದೇ ಮೂಲೆಗೆ ಸೇರುತ್ತಿತ್ತು, ಇಳಿಜಾರು ಸರಿಯಾಗಿತ್ತು. ಆ ಮೂಲೆಯಲ್ಲಿ ಹೋಗುವ ದಾರಿ ಮಾತ್ರ ಮುಚ್ಚಿತ್ತು. ಮೋರಿಯ ಬಾಯಿಗೆ ಥಳಥಳಿಸುವ ಸ್ಟೀಲ್ ಮುಚ್ಚಳ.

"ಇದ್ಯಾವಾಗ ಹಾಕಿದ್ದು, ಮೇಡಂ?"

"ಅದಾ? ಜಿರಳೆ ಬರಬಾರ್ದು ಅಂತ ನಮ್ಮ ಅಳಿಯಂದಿರು ಆಮೇಲೆ ತಂದು ಹಾಕಿದ್ದು. ಚೆನ್ನಾಗಿದೆ ಅಲ್ವಾ?"

ಟೀಚರಿಂದ ಒಂದು ಚಮಚ ಕೇಳಿ ತಂದು, ಅದರ ತುದಿಯಿಂದ ಮುಚ್ಚಳ ಮೀಟಿ ಎಬ್ಬಿಸಿದಳು. ನೀರು ಗಿರ್ರನೆ ಸುತ್ತಿ ಒಂದೇ ಉಸಿರಿಗೆ ಇಳಿದುಹೋಯಿತು. ಟೀಚರು ಮೂಗಿನ ಮೇಲೆ ಬೆರಳಿಟ್ಟರು.

"ಅಯ್ಯೋ ಶಿವನೇ! ಈಗಲೇ ಅಳಿಸಿಬಿಡ್ತೀನಿ. ನಾನು ಬರೆದದ್ದು ಹೋದ್ರೆ ಅದರ ಕೆಳಗೆ ನೀನು ಬರೆದದ್ದೂ ಹೋಗುತ್ತೆ. ಅಳಿಯಂದಿರ ಸುದ್ದಿನೂ ಬರಲ್ಲ!"

ಎಷ್ಟು ಸುಲಭ! ಅವಳ ಮನಸ್ಸು ಒಂದು ಕ್ಷಣ ಜಾರಿತು. ಆದರೆ ಬಾಗಿಲಲ್ಲೇ ತಿರುಗಿ ಬಂದವನ ಮುಖ ನೆನಪಾಯಿತು.

"ಬೇಡ ಮೇಡಂ. ಓದಿದವರು ಓದಿಯಾಗಿದೆ. ಅಳಿಸಿದ್ರೆ ನನ್ನ ಸುಳ್ಳು ಮುಚ್ಚಿಹೋಗುತ್ತೆ. ಟೈಲ್ಸ್ ಹಾಕಿದವರ ಮೇಲಿನ ಅಪವಾದ ಹೋಗಲ್ಲ."

ಅವರ ಮನೆಯ ಜಗಲಿಯ ಮೇಲೇ ಕೂತು, ಹಳೆಯ ಉತ್ತರದ ಜಾಗದಲ್ಲಿ ಹೊಸದನ್ನು ಬರೆದಳು.

ಮಧ್ಯಾಹ್ನ ಅಪ್ಪ ಅದನ್ನು ಓದಿ ಕೂಗಿಕೊಂಡರು. "ಆ ಹನ್ನೊಂದು ಜನರದ್ದೂ ಬರೆದಿದ್ದೀಯಲ್ಲೇ! ಇನ್ನು ನಮ್ಮ ಮಾತು ಯಾರು ನಂಬ್ತಾರೆ?"

"ನಂಬದೇ ಇದ್ರೆ ತಪ್ಪು ನಂದೇ ಅಪ್ಪ. ಅವರದಂತೂ ಅಲ್ಲ."

ಅಪ್ಪ ಮಗಳ ಮುಖವನ್ನೇ ನೋಡಿದರು. ಹೆತ್ತವರಿಗೆ ಕೆಲವು ಸಂಗತಿ ಬಾಯಿಬಿಟ್ಟು ಹೇಳಬೇಕಾಗಿಲ್ಲ.

"ನೀರಿನ ಟ್ಯಾಂಕಿನ ಹಿಂದೆ, ಹಸಿರು ಗೇಟು," ಎಂದರು ಮೆಲ್ಲಗೆ. "ಅಕ್ಕನ ಜೊತೆ ಇರ್ತಾನೆ. ಹೋಗಿ ಬಾ."

ಹಸಿರು ಗೇಟಿನೊಳಗೆ ಅವನು ಕರಣೆ ಹಿಡಿದು ಮುರಿದ ಮೆಟ್ಟಿಲಿಗೆ ಸಿಮೆಂಟು ಮೆತ್ತುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಅಕ್ಕನೇ ಮೊದಲು ಬಾಯಿಬಿಟ್ಟಳು.

"ಓಹೋ! ನಿನ್ನನ್ನ ಕೆಲಸದಿಂದ ತೆಗೆದ ಮಹಾರಾಯ್ತಿ ಇವಳೇನಾ?"

"ಅಕ್ಕಾ, ಒಳಗೆ ಹೋಗು."

"ಯಾಕೋ ಹೋಗ್ಲಿ? ನನ್ನ ಮನೆ, ನನ್ನ ಮೆಟ್ಟಿಲು!" ಎಂದು ಅಲ್ಲೇ ನಿಂತಳು.

ಸ್ಟಾರಮ್ಮ ಅವನತ್ತ ಮೊಬೈಲ್ ಚಾಚಿದಳು. "ಒಂದ್ಸಲ ಓದಿ... ಆಮೇಲೆ ಹೋಗು ಅಂದ್ರೆ ಹೋಗ್ತೀನಿ."

"ಕೈಯೆಲ್ಲ ಸಿಮೆಂಟು. ನೀವೇ ಓದಿ."

ಬೇಕೆಂದೇ ಹೇಳಿದನೋ ಏನೋ! ಅವಳೇ ಓದಿದಳು.

"'ನಾನು ಕಂಟ್ರಾಕ್ಟರ್ ಮಗಳು. ಇಲ್ಲಿ ಮೊದಲು ಸುಳ್ಳು ಬರೆದಿದ್ದೆ. ಟೈಲ್ಸ್ ಕೆಲಸದಲ್ಲಿ ಒಂದು ತಪ್ಪೂ ಇಲ್ಲ, ಕಣ್ಣಾರೆ ನೋಡಿ ಬಂದೆ. ವಿಚಾರಿಸದೆ ಬರೆದ ತಪ್ಪು ನನ್ನದು. ಕೆಲಸದಿಂದ ತೆಗೆದೆವೆಂದು ಹಿಂದೆ ಹನ್ನೊಂದು ಸಲ ಬರೆದದ್ದೂ ಸುಳ್ಳೇ. ಇವರಷ್ಟು ನಿಷ್ಠೆಯಿಂದ ನೆಲ ಹಾಕುವವರನ್ನು ನಾನು ಕಂಡಿಲ್ಲ.'"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಈ ಸಲ ಯಾರೂ ಹೇಳದಿದ್ದರೂ ಒಳಗೆ ಹೋದಳು.

"ಇಷ್ಟೇನಾ?" ಎಂದ ಅವನು.

"ಊರಿಗೆ ಹೇಳಬೇಕಾದ್ದು ಇಷ್ಟೇ."

"ನನಗೆ?"

ಅವಳು ಮೊಬೈಲ್ ಕೆಳಗಿಳಿಸಿದಳು. ರಿವ್ಯೂಗಳಿಗೆ ಸಾವಿರ ಉತ್ತರ ಬರೆದವಳು ಇದೊಂದನ್ನು ಬಾಯಲ್ಲೇ ಹೇಳಬೇಕಿತ್ತು.

"ದಿನಾ ಸಂಜೆ ಫೋನ್ ಹಿಡ್ಕೊಂಡೇ ಕೂತಿರ್ತಿದ್ದೆ... ಟೈಲ್ಸ್ ನೋಡೋಕೆ ಅಲ್ಲ."

ಅವನು ಕರಣೆ ಕೆಳಗಿಟ್ಟ.

"ನಾನೂ ಒಂದು ಗೋಡೆಗೆ ನಾಲ್ಕು ಫೋಟೋ ತೆಗೀತಿದ್ದೆ," ಎಂದ. "ನಾಲ್ಕು ಸಲ ಉತ್ತರ ಬರುತ್ತೆ ಅಂತ."

"ಹಾಗಾದ್ರೆ... ಸಿಟ್ಟು ಹೋಯ್ತಾ?"

"ಇಲ್ಲ. ಇನ್ನೂ ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಜೊತೆಗಿದ್ದು ನೋಡ್ಬೇಕು."

ಅವಳು ನಗುತ್ತ, ಅಳುತ್ತ ಅಲ್ಲೇ ಕೂರಹೋದಳು.

"ಏಯ್, ಅಲ್ಲಿ ಬೇಡ! ಅದು ಹಸಿ." ಪಕ್ಕದ ಮೆಟ್ಟಿಲನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಸ್ವಲ್ಪ ಸರಿದು ಜಾಗ ಬಿಟ್ಟ. "ಇಲ್ಲಿ ಬಾ. ಇದು ಒಣಗಿದೆ."